ಸಂಘರ್ಷದ ನೆಲದಲ್ಲಿ ಸಾಕ್ಷ್ಯಚಿತ್ರ: ಹೊರಡುವ ಮುನ್ನದಿಂದ ಬಿಡುಗಡೆಯ ನಂತರದವರೆಗೆ

ರಾಜಕೀಯ ಸಂಘರ್ಷ ನಡೆಯುತ್ತಿರುವ ಕಡೆ ಹೋಗಿ ಸಾಕ್ಷ್ಯಚಿತ್ರ ಮಾಡಬೇಕೆಂದುಕೊಂಡಿರುವ ಓದುಗರು, ಅದರಲ್ಲೂ ಪತ್ರಿಕೋದ್ಯಮದ ವಿದ್ಯಾರ್ಥಿಗಳು, ಮತ್ತೆ ಮತ್ತೆ ಕೇಳುವುದು ಯಾವ ಕ್ಯಾಮೆರಾ ಒಯ್ಯಬೇಕೆಂದು. ಅದಕ್ಕೆ ಉತ್ತರ ಕೆಳಗೆ ನಾಲ್ಕನೆಯ ಹಂತದಲ್ಲಿದೆ. ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ನೀವು ಚಿತ್ರೀಕರಿಸಿದ್ದು ಸಿಗಬಾರದವರ ಕೈಗೆ ಸಿಕ್ಕರೆ ಅದರ ಬೆಲೆ ತೆರುವವರು ಯಾರು? ನೀವು ಕೆಲಸ ಮುಗಿಸಿ ಊರಿಗೆ ಮರಳುತ್ತೀರಿ. ಕ್ಯಾಮೆರಾದ ಮುಂದೆ ಮಾತನಾಡಿದವರು, ವಾಹನ ಓಡಿಸಿದವರು, ರಾತ್ರಿ ತಂಗಲು ಕೋಣೆ ಕೊಟ್ಟವರು ಅಲ್ಲಿಯೇ ಉಳಿಯುತ್ತಾರೆ. ಮುಂದಿನ ಎಲ್ಲ ಹಂತಗಳೂ ಈ ಒಂದು ಸಂಗತಿಯಿಂದಲೇ ಹೊರಟಿವೆ.

ಉದಾಹರಣೆಗಳನ್ನು ಹೆಚ್ಚಾಗಿ ಮ್ಯಾನ್ಮಾರ್‌ನಿಂದ ಆರಿಸಿಕೊಂಡಿದ್ದೇನೆ. ಭಾರತದೊಂದಿಗೆ 1,643 ಕಿಲೋಮೀಟರ್ ಗಡಿ ಹಂಚಿಕೊಂಡಿರುವ ಆ ದೇಶದಲ್ಲಿ, 2007ರಲ್ಲಿ ಬೌದ್ಧ ಭಿಕ್ಷುಗಳು ಬೀದಿಗಿಳಿದಾಗಲೂ 2021ರ ಫೆಬ್ರವರಿ 1ರ ಸೇನಾ ದಂಗೆಯ ನಂತರವೂ ಸ್ಥಳೀಯರೇ ಗುಟ್ಟಾಗಿ ಚಿತ್ರೀಕರಿಸಿ ಜಗತ್ತಿಗೆ ಸುದ್ದಿ ಮುಟ್ಟಿಸಿದರು. ಯಾವ ಕ್ರಮ ಕೈಹಿಡಿಯಿತು, ಯಾವುದು ಕೈಕೊಟ್ಟಿತು ಎಂಬುದಕ್ಕೆ ಅಲ್ಲಿ ಸಾಕಷ್ಟು ದಾಖಲೆಯಿದೆ.

ಹಂತ 1: ಅಪಾಯ ಯಾರಿಗೆ ಎಂದು ಬರೆದುಕೊಳ್ಳಿ

ಅಪಾಯದ ಅಂದಾಜು ಎಂದರೆ ಚಿತ್ರಕ್ಕೆ ಸಂಬಂಧಪಟ್ಟ ಪ್ರತಿಯೊಬ್ಬರಿಗೂ ಏನೇನು ಆಗಬಹುದು, ಅದು ಆಗುವ ಸಾಧ್ಯತೆ ಎಷ್ಟು, ತಡೆಯಲು ಏನು ಮಾಡುತ್ತೀರಿ, ಹಾಗೆ ಆಗಿಯೇಬಿಟ್ಟರೆ ಏನು ಮಾಡುತ್ತೀರಿ ಎಂಬುದನ್ನು ಹೊರಡುವ ಮೊದಲೇ ಬರೆದಿಡುವ ದಾಖಲೆ. ಹೆಚ್ಚಿನವರು ಇಲ್ಲಿ ನಿರ್ದೇಶಕರ ಮತ್ತು ಕ್ಯಾಮೆರಾ ಹಿಡಿಯುವವರ ಹೆಸರನ್ನಷ್ಟೇ ಬರೆದು ನಿಲ್ಲಿಸುತ್ತಾರೆ. ಹಾಗೆ ಮಾಡದೆ ಚಾಲಕರು, ಅನುವಾದಕರು, ಸಂದರ್ಶನ ಕೊಡುವವರು, ಅವರ ಮನೆಯವರು, ಹಿನ್ನೆಲೆಯಲ್ಲಿ ಸುಮ್ಮನೆ ಹಾದುಹೋಗುವವರು, ಎಲ್ಲರನ್ನೂ ಸೇರಿಸಿ. ನಿಜವಾದ ಹೆಸರುಗಳ ಬದಲು ಸಂಕೇತಗಳನ್ನು ಬಳಸಿ. ಲಂಡನ್ನಿನ ಡಾಕ್ ಸೊಸೈಟಿ ಸಾಕ್ಷ್ಯಚಿತ್ರಕಾರರಿಗಾಗಿಯೇ ಇಂತಹ ಪ್ರಶ್ನಾವಳಿಯೊಂದನ್ನು ಉಚಿತವಾಗಿ ಒದಗಿಸುತ್ತದೆ. ಮೊದಲ ಸಲ ಹೊರಡುವವರು ಅದನ್ನು ತುಂಬಿಸಿ ನೋಡುವುದು ಒಳ್ಳೆಯದು.

ಚಿಲಿಯ ಇತಿಹಾಸವನ್ನು ಇಲ್ಲಿ ನೆನೆಯಬೇಕು. ಸಾಕ್ಷ್ಯಚಿತ್ರ ನಿರ್ದೇಶಕ ಪತ್ರೀಸಿಯೊ ಗುಸ್ಮಾನ್ ಅವರ ಐದು ಜನರ ತಂಡವು ಅಧ್ಯಕ್ಷ ಸಾಲ್ವದೋರ್ ಅಯೆಂದೆ ಸರ್ಕಾರದ ಕೊನೆಯ ತಿಂಗಳುಗಳನ್ನು ಚಿತ್ರೀಕರಿಸಿತು. 1973ರ ಸೆಪ್ಟೆಂಬರ್ 11ರ ದಂಗೆಯ ನಂತರ ಆ ರೀಲುಗಳು ಸ್ವೀಡನ್ ರಾಯಭಾರ ಕಚೇರಿಯ ನೆರವಿನಿಂದ ಹಡಗೇರಿ ಸ್ಟಾಕ್‌ಹೋಮ್ ಸೇರಿದವು. ಚಿತ್ರ ಉಳಿಯಿತು. ಅದನ್ನು ಸೆರೆಹಿಡಿದ ಛಾಯಾಗ್ರಾಹಕ ಹೋರ್ಹೆ ಮುಲ್ಲರ್ ಸಿಲ್ವ ದೇಶದಲ್ಲಿಯೇ ಉಳಿದಿದ್ದರು; 1974ರ ನವೆಂಬರ್‌ನಲ್ಲಿ ದಂಗೆಯಿಂದ ಅಧಿಕಾರ ಹಿಡಿದ ಜನರಲ್ ಪಿನೋಚೆ ಆಡಳಿತದ ಗುಪ್ತ ಪೊಲೀಸರು ಅವರನ್ನು ಹಿಡಿದೊಯ್ದರು, ಆಮೇಲೆ ಅವರು ಪತ್ತೆಯಾಗಲಿಲ್ಲ. ರೀಲುಗಳನ್ನು ಹೊರಗೆ ಸಾಗಿಸುವ ಯೋಜನೆಯಷ್ಟೇ ಗಂಭೀರವಾಗಿ ಮನುಷ್ಯರನ್ನು ಹೊರಗೆ ಕರೆತರುವ ಯೋಜನೆಯೂ ನಿಮ್ಮ ದಾಖಲೆಯಲ್ಲಿ ಇರಬೇಕು.

ಹಂತ 2: ಕಾಗದಪತ್ರ, ಕಾನೂನು, ವಿಮೆ

ಕ್ಯಾಮೆರಾ ಹಿಡಿದವರನ್ನು ಬಂಧಿಸಲು ಕ್ಯಾಮೆರಾದ ನೆಪವೇ ಬೇಕಾಗಿಲ್ಲ. ನಾರ್ವೆಯ ಆಸ್ಲೊದಿಂದ ಪ್ರಸಾರ ಮಾಡುತ್ತಿದ್ದ ಡಿವಿಬಿ (ಡೆಮಾಕ್ರಟಿಕ್ ವಾಯ್ಸ್ ಆಫ್ ಬರ್ಮಾ) ವಾಹಿನಿಯ ವರದಿಗಾರ್ತಿ ಹ್ಲಾ ಹ್ಲಾ ವಿನ್, 2009ರ ಸೆಪ್ಟೆಂಬರ್‌ನಲ್ಲಿ ಮ್ಯಾನ್ಮಾರಿನ ಪಕೊಕ್ಕು ಪಟ್ಟಣದಲ್ಲಿ ಭಿಕ್ಷುಗಳನ್ನು ಸಂದರ್ಶಿಸಿ ಬರುವಾಗ ಸಿಕ್ಕಿಬಿದ್ದರು. ಮೊದಲು ಅವರಿಗೆ ವಿಧಿಸಿದ 7 ವರ್ಷಗಳ ಸಜೆ ಮೋಟಾರ್‌ಸೈಕಲ್ಲಿನ ಆಮದು ಕಾಗದ ಸರಿಯಿಲ್ಲವೆಂಬ ಕಾರಣಕ್ಕೆ. ತನಿಖೆ ಮುಂದುವರಿದು ವಿಡಿಯೊ ಕೆಲಸ ಬಯಲಾದಾಗ ಮತ್ತೆ 20 ವರ್ಷ ಸೇರಿತು. ಜೊತೆಗಿದ್ದ ಸಹಾಯಕರಿಗೂ ದೀರ್ಘ ಸಜೆಯಾಯಿತು. 2012ರ ಜನವರಿಯಲ್ಲಿ ಹ್ಲಾ ಹ್ಲಾ ವಿನ್ ಅವರ ಬಿಡುಗಡೆಯಾಯಿತು. ಹಾಗಾಗಿ ವಾಹನದ ನೋಂದಣಿ, ಚಾಲನಾ ಪರವಾನಗಿ, ವಸತಿಯ ನೋಂದಣಿ, ವೀಸಾ ಅವಧಿ, ಸಿಮ್ ಕಾರ್ಡಿನ ದಾಖಲೆ ಇವುಗಳಲ್ಲಿ ಒಂದು ಸಣ್ಣ ಲೋಪವೂ ಇರದಂತೆ ನೋಡಿಕೊಳ್ಳಿ.

ಪ್ರವಾಸಿ ವೀಸಾದಲ್ಲಿ ಹೋಗಿ ಪತ್ರಕರ್ತರ ಕೆಲಸ ಮಾಡುವುದು ಅನೇಕ ದೇಶಗಳಲ್ಲಿ ಅಪರಾಧ. ಹೋಗುವ ದೇಶದ ಕಾನೂನಿನಲ್ಲಿ ಸುದ್ದಿ ಸಂಗ್ರಹವನ್ನೇ ಅಪರಾಧವಾಗಿಸುವ ಕಲಮುಗಳು ಯಾವುವು ಎಂದು ಅಲ್ಲಿನ ವಕೀಲರಿಂದ ಮೊದಲೇ ತಿಳಿದುಕೊಳ್ಳಿ. ದಂಗೆಯಾದ ಎರಡೇ ವಾರಗಳಲ್ಲಿ ಮ್ಯಾನ್ಮಾರ್ ಸೇನೆ ದಂಡಸಂಹಿತೆಗೆ 505ಎ ಎಂಬ ಕಲಮನ್ನು ಸೇರಿಸಿತು; ಭೀತಿ ಹುಟ್ಟಿಸುವ ಅಥವಾ ಸುಳ್ಳು ಸುದ್ದಿ ಹರಡುವ ಆರೋಪಕ್ಕೆ ಅದರಡಿ 3 ವರ್ಷಗಳವರೆಗೆ ಸಜೆಯಾಗಬಹುದು. ಯಾವುದು ಸುಳ್ಳು ಎಂದು ನಿರ್ಧರಿಸುವವರು ಯಾರೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಸಶಸ್ತ್ರ ಸಂಘರ್ಷದಲ್ಲಿ ಪತ್ರಕರ್ತರನ್ನು ನಾಗರಿಕರೆಂದೇ ಪರಿಗಣಿಸಬೇಕೆಂದು ಜಿನೀವಾ ಒಪ್ಪಂದಗಳ ಮೊದಲ ಹೆಚ್ಚುವರಿ ಪ್ರೋಟೋಕಾಲಿನ 79ನೆಯ ವಿಧಿ ಹೇಳುತ್ತದೆ. ತಪಾಸಣಾ ಠಾಣೆಯಲ್ಲಿ ಬಂದೂಕು ಹಿಡಿದು ನಿಂತವರಿಗೆ ಆ ವಿಧಿಯನ್ನು ಓದಿ ಹೇಳಲು ಹೋಗಬೇಡಿ.

ಭಾರತದೊಳಗೆ ಈಶಾನ್ಯ ಗಡಿಯ ಕಡೆ ಹೊರಟ ಕನ್ನಡಿಗರಿಗೆ ಎರಡು ಮಾತು. ಮಿಜೋರಾಂ, ಮಣಿಪುರ, ನಾಗಾಲ್ಯಾಂಡ್ ರಾಜ್ಯಗಳಿಗೆ ಹೊರರಾಜ್ಯದ ಭಾರತೀಯರು ಹೋಗಲು ಇನ್ನರ್ ಲೈನ್ ಪರ್ಮಿಟ್, ಅಂದರೆ ಒಳಗಡಿ ಪ್ರವೇಶ ಪರವಾನಗಿ, ಬೇಕು. ವಿದೇಶಿ ಪಾಸ್‌ಪೋರ್ಟ್ ಇರುವ ಕನ್ನಡಿಗರಿಗೆ, ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಇದ್ದರೂ, ಅಲ್ಲಿಗೆ ಪ್ರತ್ಯೇಕ ಅನುಮತಿ ಬೇಕಾಗುತ್ತದೆ; ಜೊತೆಗೆ 2021ರ ಕೇಂದ್ರದ ಅಧಿಸೂಚನೆಯಂತೆ ಒಸಿಐ ಕಾರ್ಡ್ ಹೊಂದಿದವರು ಭಾರತದಲ್ಲಿ ಪತ್ರಿಕೋದ್ಯಮದ ಕೆಲಸ ಮಾಡಲು ವಿಶೇಷ ಪರವಾನಗಿ ಪಡೆಯಬೇಕು. ಉಪಗ್ರಹ ದೂರವಾಣಿಯನ್ನು ಸರ್ಕಾರದ ಅನುಮತಿಯಿಲ್ಲದೆ ಭಾರತದಲ್ಲಿ ಇಟ್ಟುಕೊಳ್ಳುವುದೇ ಅಪರಾಧವೆಂಬುದು ಹಲವರಿಗೆ ತಿಳಿದಿಲ್ಲ.

ಸಾಮಾನ್ಯ ಪ್ರವಾಸ ವಿಮೆಯು ಯುದ್ಧ ಮತ್ತು ಗಲಭೆಯಲ್ಲಾದ ಗಾಯಗಳನ್ನು ಹೊರಗಿಡುತ್ತದೆ. ಅವನ್ನು ಸ್ಪಷ್ಟವಾಗಿ ಒಳಗೊಳ್ಳುವ ಪಾಲಿಸಿಯನ್ನೇ ಕೇಳಿ. ಸಂಸ್ಥೆಯ ಬೆಂಬಲವಿಲ್ಲದ ಸ್ವತಂತ್ರ ಪತ್ರಕರ್ತರಿಗೆ ಲಂಡನ್ನಿನ ರೋರಿ ಪೆಕ್ ಟ್ರಸ್ಟ್ ಮತ್ತು ಪ್ಯಾರಿಸ್ಸಿನ ರಿಪೋರ್ಟರ್ಸ್ ವಿದೌಟ್ ಬಾರ್ಡರ್ಸ್ ಮಾರ್ಗದರ್ಶನ ಕೊಡುತ್ತವೆ. ಎರಡನೆಯ ಸಂಸ್ಥೆ ಗುಂಡುನಿರೋಧಕ ಕವಚಗಳನ್ನು ಎರವಲಾಗಿಯೂ ನೀಡುತ್ತದೆ.

ಹಂತ 3: ತಂಡ ಮತ್ತು ಸ್ಥಳೀಯ ಜೊತೆಗಾರರು

ಫಿಕ್ಸರ್ ಎಂದರೆ ದಾರಿ, ಭಾಷೆ, ಸಂಪರ್ಕ, ಅನುಮತಿ ಎಲ್ಲವನ್ನೂ ಹೊಂದಿಸಿಕೊಡುವ ಸ್ಥಳೀಯ ಪತ್ರಕರ್ತ ಅಥವಾ ಸಹಾಯಕ. ಚಿತ್ರ ಯಶಸ್ವಿಯಾದರೆ ಅವರ ಹೆಸರು ಕೊನೆಯಲ್ಲಿ ಸಣ್ಣಕ್ಷರದಲ್ಲಿ ಬರುತ್ತದೆ, ಕೆಟ್ಟದ್ದಾದರೆ ಪೊಲೀಸರು ಬಾಗಿಲು ಬಡಿಯುವುದು ಮೊದಲು ಅವರ ಮನೆಯಲ್ಲಿ. ನಿಮಗಿರುವ ವಿಮೆ, ಕವಚ, ತರಬೇತಿ ಅವರಿಗೂ ಇರಬೇಕು; ಅದಕ್ಕೆ ಹಣವಿಲ್ಲದಿದ್ದರೆ ಆ ಪ್ರಯಾಣಕ್ಕೆ ಹಣವಿಲ್ಲ ಎಂದೇ ಅರ್ಥ. ಇಂತಹ ಜಾಗಕ್ಕೆ ಹೋಗಬೇಡಿ ಎಂದು ಅವರು ಹೇಳಿದರೆ ಚರ್ಚೆಯಿಲ್ಲದೆ ಹಿಂದಿರುಗಿ. ನಿಮಗೆ ಬೇಕಾದ ದೃಶ್ಯಕ್ಕಾಗಿ ಅವರನ್ನು ಒತ್ತಾಯಿಸುವುದು ಈ ಕೆಲಸದಲ್ಲಿ ನಡೆಯುವ ತಪ್ಪುಗಳಲ್ಲೇ ಕೆಟ್ಟದ್ದು ಎಂಬುದು ನನ್ನ ನಿಲುವು.

ತಂಡದ ಪ್ರತಿಯೊಬ್ಬರಿಗೂ ತಮಗೆ ಬೇಕಾದಷ್ಟೇ ಮಾಹಿತಿ ಇರಲಿ. ಚಾಲಕರಿಗೆ ಮುಂದಿನ ಊರು ಗೊತ್ತಿದ್ದರೆ ಸಾಕು, ಅಲ್ಲಿ ಮಾತನಾಡುವವರ ಹೆಸರು ಗೊತ್ತಿರಬೇಕಾಗಿಲ್ಲ. ಇದು ಅಪನಂಬಿಕೆಯಲ್ಲ, ವಿಚಾರಣೆಯ ಕೋಣೆಯಲ್ಲಿ ಅವರ ಹೊರೆಯನ್ನು ಇಳಿಸುವ ಕ್ರಮ ಎಂದು ಮೊದಲೇ ವಿವರಿಸಿ.

ಸಂಘರ್ಷದಿಂದ ಹೊರಗಿರುವ ಒಬ್ಬರು, ಬೆಂಗಳೂರಿನಲ್ಲಿ ಇರುವವರಾದರೂ ಸರಿ, ನಿಮ್ಮ ಸಂಪರ್ಕವ್ಯಕ್ತಿಯಾಗಿರಬೇಕು. ನಿಗದಿತ ಗಂಟೆಗೆ ನಿಮ್ಮಿಂದ ಸಂದೇಶ ಬರದಿದ್ದರೆ ಎಷ್ಟು ಹೊತ್ತು ಕಾಯಬೇಕು, ನಂತರ ಯಾವ ಕ್ರಮದಲ್ಲಿ ಯಾರಿಗೆ ಕರೆ ಮಾಡಬೇಕು (ವಕೀಲರು, ರಾಯಭಾರ ಕಚೇರಿ, ಮನೆಯವರು), ಸುದ್ದಿಯನ್ನು ಬಹಿರಂಗಪಡಿಸಬೇಕೇ ಬೇಡವೇ ಎಂಬುದನ್ನು ಬರೆದುಕೊಡಿ. ಬಲವಂತದಲ್ಲಿದ್ದೇನೆ ಎಂದು ತಿಳಿಸಲು ಸಾಮಾನ್ಯ ಮಾತಿನಲ್ಲಿ ಸೇರಿಕೊಳ್ಳುವ ಒಂದು ಗುಪ್ತ ಪದವನ್ನೂ ಗೊತ್ತುಮಾಡಿಕೊಳ್ಳಿ.

ಪ್ರಥಮ ಚಿಕಿತ್ಸೆಯ ತರಬೇತಿ ಇಲ್ಲದೆ ಯಾರೂ ಹೊರಡಬಾರದು. ಛಾಯಾಗ್ರಾಹಕ ಹಾಗೂ ಸಾಕ್ಷ್ಯಚಿತ್ರ ನಿರ್ದೇಶಕ ಟಿಮ್ ಹೆದರಿಂಗ್ಟನ್ 2011ರ ಏಪ್ರಿಲ್ 20ರಂದು ಲಿಬಿಯಾದ ಮಿಸ್ರಾತಾದಲ್ಲಿ ಸ್ಫೋಟದಿಂದ ತೊಡೆಗೆ ಗಾಯವಾಗಿ, ಆಸ್ಪತ್ರೆಗೆ ಸಾಗಿಸುವ ದಾರಿಯಲ್ಲೇ ರಕ್ತಸ್ರಾವದಿಂದ ತೀರಿಕೊಂಡರು. ಅವರ ಗೆಳೆಯ ಸೆಬಾಸ್ಟಿಯನ್ ಯುಂಗರ್ ನಂತರ ಸ್ವತಂತ್ರ ಪತ್ರಕರ್ತರಿಗೆ ಯುದ್ಧಭೂಮಿಯ ಪ್ರಥಮ ಚಿಕಿತ್ಸೆ ಕಲಿಸುವ ಸಂಸ್ಥೆಯನ್ನೇ ಕಟ್ಟಿದರು. ಕೈಕಾಲಿನ ದೊಡ್ಡ ರಕ್ತನಾಳ ತುಂಡಾದಾಗ ಸಿಗುವ ಸಮಯ ಕೆಲವೇ ನಿಮಿಷ. ಟೂರ್ನಿಕೆ, ಅಂದರೆ ರಕ್ತ ತಡೆಯುವ ಬಿಗಿಪಟ್ಟಿಯನ್ನು, ಗಾಯಕ್ಕಿಂತ 5ರಿಂದ 7 ಸೆಂಟಿಮೀಟರ್ ಮೇಲೆ, ಕೀಲಿನ ಮೇಲೆ ಬರದಂತೆ ಸುತ್ತಿ, ರಕ್ತ ನಿಲ್ಲುವವರೆಗೂ ತಿರುಚಿ, ಕಟ್ಟಿದ ಹೊತ್ತನ್ನು ಬರೆದಿಡಬೇಕು. ಚೀಲದ ತಳದಲ್ಲಿಟ್ಟ ಪಟ್ಟಿ ಉಪಯೋಗಕ್ಕೆ ಬರುವುದಿಲ್ಲ. ಪ್ರತಿಯೊಬ್ಬರೂ ತಮ್ಮದನ್ನು ಒಂದೇ ಕೈಯಲ್ಲಿ ತೆಗೆಯುವಂತೆ ಮೈಮೇಲೆ ಇಟ್ಟುಕೊಳ್ಳಬೇಕು.

ಹಂತ 4: ಉಪಕರಣ

ಸಣ್ಣದು, ಸಾಮಾನ್ಯವಾಗಿ ಕಾಣುವಂಥದ್ದು, ಕಳೆದುಕೊಂಡರೆ ಸಹಿಸಬಹುದಾದದ್ದು, ಇಷ್ಟೇ ಉತ್ತರ. 2007ರಲ್ಲಿ ಮ್ಯಾನ್ಮಾರಿನ ದೊಡ್ಡ ನಗರ ಯಾಂಗೂನಿನ ಬೀದಿಗಳನ್ನು ಸೆರೆಹಿಡಿದದ್ದು ಚೀಲದೊಳಗೆ ಅಡಗಿಸಬಹುದಾದ ಹ್ಯಾಂಡಿಕ್ಯಾಮ್‌ಗಳು. ಇಂದು ಒಳ್ಳೆಯ ಫೋನ್ ಮತ್ತು ಒಂದು ಸಣ್ಣ ಧ್ವನಿಮುದ್ರಕ ಬಹುಪಾಲು ಕೆಲಸಕ್ಕೆ ಸಾಕು. ಚಿತ್ರ ಕೊಂಚ ನಡುಗಿದ್ದರೂ ನೋಡುಗರು ಕ್ಷಮಿಸುತ್ತಾರೆ, ಧ್ವನಿ ಕೇಳದಿದ್ದರೆ ಕ್ಷಮಿಸುವುದಿಲ್ಲ.

ಡ್ರೋನ್ ಒಯ್ಯುವ ಮುನ್ನ ನೂರು ಸಲ ಯೋಚಿಸಿ. ಮ್ಯಾನ್ಮಾರ್‌ನ ಸಾಕ್ಷ್ಯಚಿತ್ರ ನಿರ್ದೇಶಕಿ ಶಿನ್ ಡೇವೆ ಅವರನ್ನು 2023ರ ಅಕ್ಟೋಬರ್‌ನಲ್ಲಿ ಬಂಧಿಸಿದ್ದು ಆನ್‌ಲೈನಿನಲ್ಲಿ ತರಿಸಿದ ಡ್ರೋನಿನ ಕಾರಣಕ್ಕೆ. 2024ರ ಜನವರಿಯಲ್ಲಿ ಸೇನಾಡಳಿತದ ನ್ಯಾಯಾಲಯ ಭಯೋತ್ಪಾದನಾ ವಿರೋಧಿ ಕಾನೂನಿನಡಿ ಜೀವಾವಧಿ ಸಜೆ ವಿಧಿಸಿತು. ಪ್ರತಿರೋಧ ಪಡೆಗಳು ಡ್ರೋನನ್ನು ಅಸ್ತ್ರವಾಗಿ ಬಳಸುವ ನೆಲದಲ್ಲಿ ಅದು ಯಾರ ಕಣ್ಣಿಗೂ ಕ್ಯಾಮೆರಾದಂತೆ ಕಾಣುವುದಿಲ್ಲ.

ಗುಂಡುನಿರೋಧಕ ಕವಚ ಕೊಳ್ಳುವವರು ಇದನ್ನು ಗಮನಿಸಿ: ಬಟ್ಟೆಯಂತಹ ಮೆದು ಕವಚ ಪಿಸ್ತೂಲಿನ ಗುಂಡನ್ನಷ್ಟೇ ತಡೆಯುತ್ತದೆ, ರೈಫಲ್ಲಿನ ಗುಂಡಿಗೆ ಗಟ್ಟಿ ಫಲಕಗಳೇ ಬೇಕು. ಫಲಕಗಳಿರುವ ಕವಚ ಹತ್ತು ಕಿಲೋ ಆಸುಪಾಸು ತೂಗುವುದರಿಂದ ಅದನ್ನು ತೊಟ್ಟು ಓಡುವ ಅಭ್ಯಾಸ ಊರಿನಲ್ಲೇ ಆಗಿರಬೇಕು. ಕೆಲವು ದೇಶಗಳಲ್ಲಿ ಇದನ್ನು ಸೇನಾ ಸಾಮಗ್ರಿಯೆಂದು ಪರಿಗಣಿಸಿ ವಿಮಾನ ನಿಲ್ದಾಣದಲ್ಲೇ ಹಿಡಿಯುತ್ತಾರೆ.

ಹಂತ 5: ಒಪ್ಪಿಗೆ

ಪ್ರಸಾರ ಸಂಸ್ಥೆಗಳು ಸಹಿ ಮಾಡಿದ ಒಪ್ಪಿಗೆ ಪತ್ರ ಕೇಳುತ್ತವೆ. ಹೆಸರು, ವಿಳಾಸ, ಸಹಿ ಇರುವ ಅಂತಹ ಪತ್ರಗಳ ಕಟ್ಟು ನಿಮ್ಮ ಚೀಲದಲ್ಲಿ ಸಿಕ್ಕರೆ ಪೊಲೀಸರಿಗೆ ಬಂಧಿಸಬೇಕಾದವರ ಪಟ್ಟಿಯನ್ನು ನೀವೇ ಸಿದ್ಧಪಡಿಸಿ ಕೊಟ್ಟಂತೆ. ಇದರ ಬದಲು ಒಪ್ಪಿಗೆಯನ್ನು ಸಂದರ್ಶನದಿಂದ ಪ್ರತ್ಯೇಕ ವಿಡಿಯೊ ಅಥವಾ ಧ್ವನಿ ಕಡತದಲ್ಲಿ ದಾಖಲಿಸಿಕೊಂಡು, ಸಂಕೇತನಾಮ ಹಾಕಿ, ಕೂಡಲೇ ದೇಶದ ಹೊರಗೆ ಕಳುಹಿಸಿ ಸ್ಥಳೀಯ ಪ್ರತಿಯನ್ನು ಅಳಿಸುವ ವ್ಯವಸ್ಥೆಯನ್ನು ಪ್ರಸಾರ ಸಂಸ್ಥೆಯೊಂದಿಗೆ ಮೊದಲೇ ಮಾತಾಡಿ ಒಪ್ಪಿಸಿಕೊಳ್ಳಿ. ಯಾರು ಯಾವ ಸಂಕೇತನಾಮ ಎಂಬ ಕೀಲಿಪಟ್ಟಿ ದೇಶದ ಹೊರಗಿನ ಒಬ್ಬರ ಬಳಿ ಮಾತ್ರ ಇರಲಿ.

ಒಪ್ಪಿಗೆ ಕೇಳುವಾಗ ‘ಮುಖ ತೋರಿಸಬಹುದೇ’ ಎಂದಷ್ಟೇ ಕೇಳಿದರೆ ಸಾಲದು. ಚಿತ್ರ ಯಾವ ದೇಶಗಳಲ್ಲಿ ತೆರೆ ಕಾಣಬಹುದು, ಅಂತರ್ಜಾಲಕ್ಕೆ ಬಂದ ಮೇಲೆ ನಿಮ್ಮ ಊರಿನ ಪೊಲೀಸರೂ ನೋಡಬಲ್ಲರು, ಆಮೇಲೆ ಯಾರಿಂದಲೂ ಅದನ್ನು ಹಿಂದಕ್ಕೆ ತರಲಾಗುವುದಿಲ್ಲ ಎಂಬುದನ್ನು ಅವರದೇ ಭಾಷೆಯಲ್ಲಿ ಬಿಡಿಸಿ ಹೇಳಬೇಕು. ಜನ ಆವೇಶದಲ್ಲಿರುವಾಗ ‘ನನ್ನ ಮುಖ ತೋರಿಸಿ, ನನಗೇನು ಭಯ’ ಎನ್ನುತ್ತಾರೆ. 2007ರ ಸೆಪ್ಟೆಂಬರ್‌ನಲ್ಲಿ ಯಾಂಗೂನಿನಲ್ಲಿ ಸಾವಿರಾರು ಮಂದಿಗೆ ಆ ಧೈರ್ಯ ಬಂದಿತ್ತು. ಚಳವಳಿ ಹತ್ತಿಕ್ಕಿದ ನಂತರ ಸೇನಾಡಳಿತ ಫೋಟೊ ಮತ್ತು ವಿಡಿಯೊಗಳನ್ನು ನೋಡಿಯೇ ಜನರನ್ನು ಗುರುತಿಸಿ ರಾತ್ರಿವೇಳೆ ಮನೆಗಳಿಂದ ಎಳೆದೊಯ್ಯಿತು. ಆದ್ದರಿಂದ ಒಪ್ಪಿಗೆಯನ್ನು ಎರಡು ಸಲ ಪಡೆಯಿರಿ: ಚಿತ್ರೀಕರಣದ ದಿನ ಒಮ್ಮೆ, ಬಿಡುಗಡೆಗೆ ಮುನ್ನ ಇನ್ನೊಮ್ಮೆ. ನಡುವೆ ಮನಸ್ಸು ಬದಲಾದರೆ, ಆ ದೃಶ್ಯ ಎಷ್ಟೇ ಮುಖ್ಯವಾಗಿದ್ದರೂ, ತೆಗೆದುಹಾಕಿ.

ಹಂತ 6: ಚಿತ್ರೀಕರಣದ ದಿನ

ಜನಸಂದಣಿಯಲ್ಲಿ ನಿಲ್ಲುವ ಮೊದಲು ಹೊರಹೋಗುವ ಎರಡು ದಾರಿಗಳನ್ನು ನೋಡಿಟ್ಟುಕೊಳ್ಳಿ. ಪ್ರತಿಭಟನಕಾರರಿಗೂ ಭದ್ರತಾ ಪಡೆಗೂ ನಡುವಿನ ತೆರವಿನಲ್ಲಿ ನಿಲ್ಲಬೇಡಿ. ಜಪಾನಿನ ವಿಡಿಯೊ ಪತ್ರಕರ್ತ ಕೆಂಜಿ ನಾಗಾಯ್ 2007ರ ಸೆಪ್ಟೆಂಬರ್ 27ರಂದು ಯಾಂಗೂನಿನ ಸೂಲೆ ಪಗೋಡದ ಹತ್ತಿರ ಸೈನಿಕನ ಗುಂಡಿಗೆ ಬಲಿಯಾದರು. ಅದು ದಾರಿತಪ್ಪಿದ ಗುಂಡಲ್ಲ, ಹತ್ತಿರದಿಂದಲೇ ಹೊಡೆದದ್ದು ಎಂದು ತೋರಿಸಿಕೊಟ್ಟದ್ದು ದೂರದಿಂದ ಬೇರೆಯವರು ತೆಗೆದ ದೃಶ್ಯ. ಎರಡನೆಯ ಕ್ಯಾಮೆರಾ ಇದ್ದರೆ ಅದನ್ನು ಎತ್ತರದಲ್ಲಿ, ದೂರದಲ್ಲಿ ಇರಿಸಿ. ಅದು ಸುರಕ್ಷಿತವೂ ಹೌದು, ಸಾಕ್ಷಿಯೂ ಹೌದು.

ಸಂದರ್ಶನದ ಚೌಕಟ್ಟಿನಲ್ಲಿ ಕಿಟಕಿಯಾಚೆಯ ಗೋಪುರ, ಗೋಡೆಯ ಮೇಲಿನ ಕುಟುಂಬದ ಫೋಟೊ, ವಾಹನದ ಸಂಖ್ಯೆ, ಅಂಗಡಿಯ ಫಲಕ ಇವೇನೂ ಬರಬಾರದು. ಮುಖ ಮರೆಸಬೇಕೆಂದಿದ್ದರೆ ಚಿತ್ರೀಕರಿಸುವಾಗಲೇ ಮರೆಸಿ: ಕೈಗಳನ್ನು, ಬೆನ್ನನ್ನು, ನೆರಳನ್ನು ತೋರಿಸಿ. ಮುಖ ಸೆರೆಹಿಡಿದು ಆಮೇಲೆ ಮಬ್ಬುಗೊಳಿಸುತ್ತೇನೆ ಎಂದುಕೊಂಡರೆ, ಸಂಕಲನದ ಕೋಣೆ ತಲುಪುವವರೆಗೂ ಆ ಮುಖ ನಿಮ್ಮ ಕಾರ್ಡಿನಲ್ಲಿ ಬಯಲಾಗಿಯೇ ಇರುತ್ತದೆ.

ಫೋನಿನ ಬೆರಳಚ್ಚು ಮತ್ತು ಮುಖಗುರುತಿನ ಬೀಗವನ್ನು ತೆಗೆದುಹಾಕಿ, ಉದ್ದದ ಸಂಖ್ಯೆಯನ್ನೇ ಬಳಸಿ. ಬೆರಳನ್ನು ಬಲವಂತವಾಗಿ ಒತ್ತಿಸುವುದು ಸುಲಭ. ಕ್ಯಾಮೆರಾ ಆ್ಯಪ್ ಸ್ಥಳವನ್ನು ದಾಖಲಿಸದಂತೆ ಆ ಆಯ್ಕೆಯನ್ನೂ ನಿಲ್ಲಿಸಿ. ಪ್ರತಿ ಕಡತದೊಳಗೆ ಕಾಣದಂತೆ ಸೇರಿಕೊಳ್ಳುವ ದಿನಾಂಕ, ಸ್ಥಳ, ಉಪಕರಣದ ವಿವರಗಳಿಗೆ ಮೆಟಾಡೇಟಾ ಎನ್ನುತ್ತಾರೆ; ಒಂದು ಮನೆಯನ್ನು ಪತ್ತೆಹಚ್ಚಲು ಅದೊಂದೇ ಸಾಕಾಗಬಹುದು.

ಹಂತ 7: ದೃಶ್ಯಗಳನ್ನು ಕಾಪಾಡಿ ಹೊರಗೆ ಸಾಗಿಸುವುದು

ಕ್ಯಾಮೆರಾ ಬಗ್ಗೆ ಕೇಳುವವರಲ್ಲಿ ಹಾರ್ಡ್ ಡಿಸ್ಕ್ ಬಗ್ಗೆ ಕೇಳುವವರು ಅಪರೂಪ. ಎನ್‌ಕ್ರಿಪ್ಶನ್, ಅಂದರೆ ಗುಪ್ತಪದವಿಲ್ಲದೆ ಓದಲಾಗದಂತೆ ದತ್ತಾಂಶವನ್ನು ಗೂಢಗೊಳಿಸುವ ವಿಧಾನ, ಫೋನ್ ಮತ್ತು ಕಂಪ್ಯೂಟರುಗಳಲ್ಲಿ ಸುಲಭವಾಗಿ ಸಿಗುತ್ತದೆ. ಬಹುತೇಕ ಕ್ಯಾಮೆರಾಗಳಲ್ಲಿ ಇಲ್ಲ. ಅದನ್ನು ಅಳವಡಿಸಿರೆಂದು 2016ರಲ್ಲಿ 150ಕ್ಕೂ ಹೆಚ್ಚು ಸಾಕ್ಷ್ಯಚಿತ್ರಕಾರರು ಮತ್ತು ಛಾಯಾಪತ್ರಕರ್ತರು ಕ್ಯಾಮೆರಾ ಕಂಪನಿಗಳಿಗೆ ಬಹಿರಂಗ ಪತ್ರ ಬರೆದಿದ್ದರು. ಹಾಗಾಗಿ ಪ್ರತಿದಿನ ಕಾರ್ಡಿನಿಂದ ಗೂಢಗೊಳಿಸಿದ ಡಿಸ್ಕಿಗೆ ನಕಲಿಸಿ, ನಕಲು ಸರಿಯಿದೆಯೆಂದು ಖಚಿತಪಡಿಸಿಕೊಂಡು, ಕಾರ್ಡನ್ನು ಬರಿದುಮಾಡಿ. ಸುಮ್ಮನೆ ಅಳಿಸಿದ ಕಡತಗಳನ್ನು ಮತ್ತೆ ಹೊರತೆಗೆಯಬಹುದು; ಆದ್ದರಿಂದ ಅಳಿಸಿದ ಮೇಲೆ ಕಾರ್ಡ್ ತುಂಬುವಷ್ಟು ಸಾಧಾರಣ ಪ್ರವಾಸಿ ದೃಶ್ಯಗಳನ್ನು ಅದರ ಮೇಲೆ ಮುದ್ರಿಸಿ. ಎರಡು ಪ್ರತಿಗಳು ಎರಡು ಬೇರೆ ಜಾಗಗಳಲ್ಲಿ, ಮೂರನೆಯದು ದೇಶದ ಹೊರಗೆ ಇರಬೇಕು.

ಅಂತರ್ಜಾಲದ ಮೂಲಕ ಕಳುಹಿಸುವ ಆಸೆಯಿದ್ದರೆ ಲೆಕ್ಕ ಹಾಕಿ ನೋಡಿ. ಸೆಕೆಂಡಿಗೆ 100 ಮೆಗಾಬಿಟ್ ದರದ 4ಕೆ ದೃಶ್ಯ ಒಂದು ಗಂಟೆಗೆ 45 ಜಿಬಿ ಆಗುತ್ತದೆ; 2 ಮೆಗಾಬಿಟ್ ವೇಗದ ಸಂಪರ್ಕದಲ್ಲಿ ಅದು ಹೋಗಲು 50 ಗಂಟೆ ಬೇಕು. ಅದನ್ನೇ 2 ಮೆಗಾಬಿಟ್ ದರದ ಪ್ರಾಕ್ಸಿಯಾಗಿ, ಅಂದರೆ ಕಡಿಮೆ ಗುಣಮಟ್ಟದ ಸಣ್ಣ ಪ್ರತಿಯಾಗಿ, ಮಾಡಿದರೆ 900 ಎಂಬಿ ಆಗಿ ಒಂದು ಗಂಟೆಯಲ್ಲಿ ತಲುಪುತ್ತದೆ. 2022ರಲ್ಲಿ ಮುತ್ತಿಗೆಗೊಳಗಾದ ಉಕ್ರೇನಿನ ಮರಿಯುಪೋಲ್‌ನಲ್ಲಿ ಪತ್ರಕರ್ತ ಮಿಸ್ತಿಸ್ಲಾವ್ ಚೆರ್ನೋವ್ ಮತ್ತು ಅವರ ಸಂಗಡಿಗರು ಸಂಪರ್ಕ ಸಿಗುವ ಒಂದೆರಡು ಜಾಗ ಹುಡುಕಿ ಸಣ್ಣ ತುಣುಕುಗಳನ್ನು ಕಳುಹಿಸುತ್ತಿದ್ದರು. ಉಳಿದ ದೃಶ್ಯಗಳು ಅವರೊಂದಿಗೇ ನಗರದಿಂದ ಹೊರಬರಬೇಕಾಯಿತು. ಇಡೀ ಸಂಪರ್ಕವೇ ಕಡಿದುಹೋಗುವ ಸಾಧ್ಯತೆಯೂ ಇದೆ: 2007ರ ಸೆಪ್ಟೆಂಬರ್ ಕೊನೆಯಲ್ಲಿ ಮ್ಯಾನ್ಮಾರ್ ಹಾಗೆ ಮಾಡಿತು, 2023ರ ಮೇ 3ರಿಂದ ಮಣಿಪುರದಲ್ಲಿ ತಿಂಗಳುಗಟ್ಟಲೆ ಮೊಬೈಲ್ ಅಂತರ್ಜಾಲ ಇರಲಿಲ್ಲ. ಆಗ ಉಳಿಯುವುದು ಮನುಷ್ಯರ ಕೈ ಮಾತ್ರ. ತುರ್ತುಪರಿಸ್ಥಿತಿಯ ಕಾಲದಲ್ಲಿ ಆನಂದ ಪಟವರ್ಧನ್ ಬಿಹಾರ ಚಳವಳಿಯ ತಮ್ಮ ಚಿತ್ರದ ಪ್ರತಿಯನ್ನು ತುಂಡುಗಳಾಗಿ ಕತ್ತರಿಸಿ ಬೇರೆಬೇರೆಯವರ ಮೂಲಕ ವಿದೇಶಕ್ಕೆ ಕಳುಹಿಸಿದ್ದರು.

ಒಯ್ಯುವವರಿಗೆ ತಾವು ಏನು ಒಯ್ಯುತ್ತಿದ್ದೇವೆಂದು ತಿಳಿದಿರಲೇಬೇಕು. ಗೊತ್ತಿಲ್ಲದವರ ಚೀಲದಲ್ಲಿ ಡಿಸ್ಕ್ ಸೇರಿಸುವುದು ಮೋಸ. ಗುಪ್ತಪದವನ್ನು ಮಾತ್ರ ಅವರಿಗೆ ಕೊಡಬೇಡಿ. ಅದು ಬೇರೆ ದಾರಿಯಲ್ಲಿ ಹೋಗಲಿ.

ಹಂತ 8: ಸಂಕಲನ

ಸಂಕಲನವನ್ನು ಆ ದೇಶದ ಹೊರಗೆ ಮಾಡಿ. ಮಬ್ಬು ಮತ್ತು ಚೌಕುಳಿ ಹಾಕಿ ಮುಖ ಮರೆಸುವ ಹಳೆಯ ಪದ್ಧತಿಯನ್ನು ಈಗ ನೆಚ್ಚಿಕೊಳ್ಳುವಂತಿಲ್ಲ. ಗಟ್ಟಿಬಣ್ಣದಿಂದ ಪೂರ್ತಿ ಮುಚ್ಚಿ, ಅಥವಾ ಆ ಚೌಕಟ್ಟನ್ನೇ ಬಿಡಿ. ಧ್ವನಿಯ ಶ್ರುತಿಯನ್ನಷ್ಟೇ ಏರಿಳಿಸಿದರೆ ಮೂಲಧ್ವನಿಯನ್ನು ಮರಳಿ ಪಡೆಯಬಹುದಾದ್ದರಿಂದ ಬೇರೊಬ್ಬರಿಂದ ಮಾತು ಹೇಳಿಸುವುದು ಉತ್ತಮ. ನಡಿಗೆ, ಉಂಗುರ, ಹಚ್ಚೆ, ಊರಿನ ಉಚ್ಚಾರಣೆ ಇವೂ ಗುರುತು ಹಿಡಿಯಲು ಸಾಕು. ಆ ಊರಿನವರೊಬ್ಬರಿಗೆ ತೋರಿಸಿ, ಯಾರೆಂದು ಗೊತ್ತಾಗುತ್ತದೆಯೇ ಎಂದು ಕೇಳುವುದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ತಿಳಿದಿಲ್ಲ.

ಸೆರೆಹಿಡಿಯಲಾಗದ ಸನ್ನಿವೇಶಗಳನ್ನು ಮರುಸೃಷ್ಟಿಸಿದ್ದರೆ ಅದನ್ನು ಆಯಾ ದೃಶ್ಯದಲ್ಲೇ ತಿಳಿಸಿ. 2007ರ ಚಳವಳಿಯ ಬಗ್ಗೆ ಬಂದ, ಆಸ್ಕರ್‌ಗೆ ನಾಮನಿರ್ದೇಶನಗೊಂಡ ‘ಬರ್ಮಾ ವಿಜೆ’ ಚಿತ್ರದಲ್ಲಿ ಕೆಲವು ಸನ್ನಿವೇಶಗಳು ಮರುಸೃಷ್ಟಿ ಎಂಬ ಸೂಚನೆ ಇದ್ದರೂ, ಯಾವುವು ಎಂದು ನೋಡುಗರಿಗೆ ತಿಳಿಯುವುದಿಲ್ಲವೆಂಬ ಟೀಕೆ ಬಂತು. ನಿಮ್ಮ ಒಂದು ದೃಶ್ಯದ ಮೇಲೆ ಬಿದ್ದ ಅನುಮಾನವನ್ನು ಆಳುವವರು ಇಡೀ ಚಿತ್ರದ ಮೇಲೆ ಹರಡುತ್ತಾರೆ.

ಹಂತ 9: ಬಿಡುಗಡೆ ಮತ್ತು ನಂತರ

ದಿನಾಂಕವನ್ನು ಚಿತ್ರೋತ್ಸವ ನಿರ್ಧರಿಸಬಾರದು. ಚಿತ್ರದಲ್ಲಿರುವವರು ಸುರಕ್ಷಿತ ಜಾಗ ತಲುಪಿದ ಮೇಲೆಯೇ ಬಿಡುಗಡೆ ಮಾಡಿ. ಚಿತ್ರದಲ್ಲಿ ಮುಖ ಮರೆಸಿ ಟ್ರೇಲರಿನಲ್ಲಿ ಮರೆಸದೆ ಬಿಡುವುದು, ಭಿತ್ತಿಪತ್ರಕ್ಕೆ ಮೂಲ ಸ್ಥಿರಚಿತ್ರ ಕೊಡುವುದು, ಪ್ರಶ್ನೋತ್ತರದಲ್ಲಿ ಬಾಯಿತಪ್ಪಿ ಊರಿನ ಹೆಸರು ಹೇಳುವುದು, ಈ ಮೂರು ತಪ್ಪುಗಳು ಸುಲಭವಾಗಿ ನುಸುಳುತ್ತವೆ. ಹೆಸರು ಹಾಕದಿರುವುದರಿಂದ ಚಿತ್ರದ ಘನತೆ ಕುಗ್ಗುವುದಿಲ್ಲ: ಇಂಡೋನೇಷ್ಯಾದ ಹತ್ಯಾಕಾಂಡದ ಕುರಿತ ‘ದಿ ಆಕ್ಟ್ ಆಫ್ ಕಿಲ್ಲಿಂಗ್’ ಚಿತ್ರದ ಸಹನಿರ್ದೇಶಕರಲ್ಲೊಬ್ಬರೂ ಅನೇಕ ತಂತ್ರಜ್ಞರೂ ಅನಾಮಿಕರಾಗಿಯೇ ಉಳಿದರು, 2022ರಲ್ಲಿ ಬರ್ಲಿನ್ ಚಿತ್ರೋತ್ಸವದ ಸಾಕ್ಷ್ಯಚಿತ್ರ ಪ್ರಶಸ್ತಿ ಪಡೆದ ‘ಮ್ಯಾನ್ಮಾರ್ ಡೈರೀಸ್’ ಚಿತ್ರವನ್ನು ಮಾಡಿದ್ದು ಹೆಸರು ಹೇಳದ ಗುಂಪು.

ಬಿಡುಗಡೆಯಾದ ಮೊದಲ ವಾರ, ನಂತರ ತಿಂಗಳಿಗೊಮ್ಮೆ, ಅಲ್ಲಿ ಉಳಿದವರ ಕ್ಷೇಮವನ್ನು ಸುರಕ್ಷಿತ ಮಾರ್ಗದಲ್ಲಿ ವಿಚಾರಿಸಿ. ಯಾರಾದರೂ ತುರ್ತಾಗಿ ಮನೆ ಬಿಡಬೇಕಾದರೆ ಬೇಕಾಗುವ ಹಣವನ್ನು ಚಿತ್ರದ ಮೂಲ ಬಜೆಟ್ಟಿನಲ್ಲಿಯೇ ತೆಗೆದಿಟ್ಟಿರಬೇಕು.

ಬಳಸದೆ ಉಳಿದ ದೃಶ್ಯಗಳಿಗೂ ಒಂದು ವ್ಯವಸ್ಥೆ ಬೇಕು. ಮ್ಯಾನ್ಮಾರ್ ಕುರಿತು ಸಾಕ್ಷ್ಯ ಸಂಗ್ರಹಿಸಲು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿ 2018ರಲ್ಲಿ ಸ್ವತಂತ್ರ ತನಿಖಾ ವ್ಯವಸ್ಥೆಯನ್ನು ರಚಿಸಿದೆ. ಇಂತಹ ಸಂಸ್ಥೆಗಳು ಮುಂದೊಂದು ದಿನ ನಿಮ್ಮ ಮೂಲ ಕಡತಗಳನ್ನು ಕೇಳಬಹುದು. ಅದಕ್ಕಾಗಿ ಪ್ರತಿ ಮೂಲ ಕಡತಕ್ಕೂ ಹ್ಯಾಶ್, ಅಂದರೆ ಕಡತದಲ್ಲಿ ಒಂದು ಬಿಟ್ ಬದಲಾದರೂ ಬೇರೆಯಾಗಿಬಿಡುವ ಸಂಖ್ಯಾಮುದ್ರೆ, ತೆಗೆದು ಪ್ರತ್ಯೇಕವಾಗಿ ಇಡಿ. ಕಡತವನ್ನು ಯಾರೂ ತಿದ್ದಿಲ್ಲವೆಂದು ತೋರಿಸಲು ಅದು ಬೇಕಾಗುತ್ತದೆ. ಆದರೆ ಚಿತ್ರಕ್ಕೆ ಕೊಟ್ಟ ಒಪ್ಪಿಗೆ ನ್ಯಾಯಾಲಯಕ್ಕೆ ಕೊಟ್ಟ ಒಪ್ಪಿಗೆಯಾಗುವುದಿಲ್ಲ. ಹಸ್ತಾಂತರಿಸುವ ಮುನ್ನ ದೃಶ್ಯದಲ್ಲಿರುವವರನ್ನು ಹೊಸದಾಗಿ ಕೇಳಿ, ಅವರನ್ನು ತಲುಪಲಾಗದಿದ್ದರೆ ವಕೀಲರ ಸಲಹೆ ಸಿಗುವವರೆಗೆ ಕಡತವನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ.